ಸಿಲಿಕಾನ್ ಮೇಲಿನ ಮೊದಲ ಪರಮಾಣು ಸಾಲುಗಳು

ಕೇಳುಗರಿಗೆ ನಮಸ್ಕಾರ.

ಹೊರಗಿನ ವಿದ್ಯುತ್ ಕ್ಷೇತ್ರವನ್ನು ತೆಗೆದ ಮೇಲೂ ಧ್ರುವೀಕರಣವನ್ನು, ಅಂದರೆ ಒಳಗಿನ ಧನ ಮತ್ತು ಋಣ ವಿದ್ಯುದಂಶಗಳು ಬೇರೆ ಬೇರೆ ಕಡೆಗೆ ಸರಿದು ನಿಂತ ಸ್ಥಿತಿಯನ್ನು, ಉಳಿಸಿಕೊಳ್ಳುವ, ವಿರುದ್ಧ ಕ್ಷೇತ್ರ ಕೊಟ್ಟಾಗ ಅದರ ದಿಕ್ಕನ್ನು ಬದಲಿಸುವ ವಸ್ತುವಿಗೆ ಫೆರೋಎಲೆಕ್ಟ್ರಿಕ್ ಎಂದು ಹೆಸರು. ಹೆಸರಿನಲ್ಲಿ ಕಬ್ಬಿಣದ ಸುಳಿವಿದ್ದರೂ ವಸ್ತುವಿನಲ್ಲಿ ಕಬ್ಬಿಣ ಇರಬೇಕೆಂದಿಲ್ಲ. ಆಯಸ್ಕಾಂತಗಳ ನಡವಳಿಕೆಯ ಹೋಲಿಕೆಯಿಂದ ಬಂದ ಹೆಸರದು. ವಿದ್ಯುತ್ ಹೋದರೂ ನೆನಪು ಅಳಿಯದ ಟ್ರಾನ್ಸಿಸ್ಟರ್ ಬೇಕೆಂದರೆ ಇಂಥ ವಸ್ತುವನ್ನು ಸಿಲಿಕಾನ್ ಮೇಲೆ ಕೂರಿಸಬೇಕು. ತೊಡಕಿರುವುದು ಅಲ್ಲಿಯೇ.

ಆಕ್ಸೈಡ್ ಬೆಳೆಸಲು ಆಮ್ಲಜನಕ ಬಿಟ್ಟೊಡನೆ ಸಿಲಿಕಾನ್‌ನ ಮೇಲ್ಮೈಯೇ ಗಾಜಿನಂಥ ಪೊರೆಯಾಗಿಬಿಡುತ್ತದೆ. ಕ್ರಮವಿಲ್ಲದ ಆ ಪೊರೆಯ ಮೇಲೆ ಮುಂದಿನ ಪರಮಾಣುಗಳು ಸಾಲು ಹಿಡಿಯಲಾರವು. 1998ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ಮೆಕ್ಕೀ ಮತ್ತು ಸಂಗಡಿಗರು, ಅತಿ ನಿರ್ವಾತದಲ್ಲಿ ಒಂದು ಪದರಕ್ಕೂ ಕಡಿಮೆ ಪ್ರಮಾಣದ ಕ್ಷಾರಮೃತ್ತಿಕಾ ಲೋಹವನ್ನು (ಸ್ಟ್ರಾಂಷಿಯಂ, ಬೇರಿಯಂನಂಥದ್ದನ್ನು) ಮೊದಲು ಸಿಲಿಕಾನ್‌ಗೆ ಬೆಸೆದು, ಅನಂತರವಷ್ಟೇ ಆಕ್ಸೈಡನ್ನು ಕಟ್ಟುತ್ತಾ ಹೋಗಿ ಈ ಅಡ್ಡಿಯನ್ನು ದಾಟಿದರು. ಹೀಗೆ ಕಟ್ಟುವ ಆಕ್ಸೈಡ್‌ಗಳಲ್ಲಿ ಒಂದಾದ ಸ್ಟ್ರಾಂಷಿಯಂ ಟೈಟನೇಟ್‌ನ ಸ್ಫಟಿಕವು ಇಲ್ಲಿ 45 ಡಿಗ್ರಿ ತಿರುಗಿ ಕೂರುತ್ತದೆ. ಹಾಗೆ ಕೂತಾಗ ಅದರ 3.905 ಆಂಗ್‌ಸ್ಟ್ರಾಮ್ (ನ್ಯಾನೋಮೀಟರ್‌ನ ಹತ್ತನೇ ಒಂದು ಭಾಗಕ್ಕೆ ಒಂದು ಆಂಗ್‌ಸ್ಟ್ರಾಮ್) ಅಳತೆಗೆ ಸಿಲಿಕಾನ್ ಕೊಡುವ ಜಾಗ 3.84 ಮಾತ್ರ. ಶೇಕಡ 1.7ರಷ್ಟಿರುವ ಈ ಇಕ್ಕಟ್ಟೇ ಒಂದು ವರವಾಯಿತು: ದಪ್ಪ ಸ್ಫಟಿಕವಾಗಿದ್ದಾಗ ಫೆರೋಎಲೆಕ್ಟ್ರಿಕ್ ಅಲ್ಲದ ಈ ವಸ್ತು, ಸಿಲಿಕಾನ್ ಮೇಲೆ ಅಡಕವಾಗಿ ಬೆಳೆದಾಗ ಆ ಗುಣವನ್ನು ಪಡೆಯುತ್ತದೆಂದು 2009ರಲ್ಲಿ ತೋರಿಸಲಾಯಿತು.

ಪದರ ತೆಳುವಾದಷ್ಟೂ ಇನ್ನೊಂದು ಶತ್ರು ಬಲಿಯುತ್ತದೆ. ಎರಡೂ ಮುಖಗಳಲ್ಲಿ ಸೇರುವ ವಿದ್ಯುದಂಶವು ಒಳಗೇ ಎದುರು ಕ್ಷೇತ್ರವನ್ನು ಹುಟ್ಟಿಸಿ ಧ್ರುವೀಕರಣವನ್ನು ಕೆಡಿಸುತ್ತದೆ. ಹೆಸರಾಂತ ಫೆರೋಎಲೆಕ್ಟ್ರಿಕ್ ಆದ ಬೇರಿಯಂ ಟೈಟನೇಟ್‌ಗೆ ಸುಮಾರು 2.4 ನ್ಯಾನೋಮೀಟರ್ ಕೊನೆಯ ಮಿತಿಯೆಂದು 2003ರ ಒಂದು ಲೆಕ್ಕಾಚಾರ ಹೇಳಿತ್ತು. ಆದರೆ ಚಿಪ್ ಕಾರ್ಖಾನೆಗಳಿಗೆ ಆಗಲೇ ಪರಿಚಿತವಾಗಿದ್ದ ಹ್ಯಾಫ್ನಿಯಂ ಆಕ್ಸೈಡ್‌ನಲ್ಲಿ 2011ರಲ್ಲಿ ಈ ಗುಣ ಕಂಡುಬಂತು. 2020ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ತಂಡವೊಂದು ಜಿರ್ಕೋನಿಯಂ ಬೆರೆಸಿದ ಅದೇ ಆಕ್ಸೈಡನ್ನು ಸಿಲಿಕಾನ್ ಮೇಲೆ ಒಂದೇ ನ್ಯಾನೋಮೀಟರ್ ದಪ್ಪಕ್ಕೆ ಬೆಳೆಸಿ, ಅಷ್ಟು ತೆಳುವಿನಲ್ಲೂ ಗುಣ ಉಳಿದಿರುವುದನ್ನು ವರದಿ ಮಾಡಿತು.

ಬೆಳೆಸಿದ್ದಾಯಿತು, ಸಾಬೀತು ಮಾಡುವುದು ಅದಕ್ಕಿಂತ ಕಷ್ಟವೆಂದು ನನ್ನ ಎಣಿಕೆ. ವೋಲ್ಟೇಜನ್ನು ಏರಿಸಿ ಇಳಿಸಿ ವಿದ್ಯುದಂಶವನ್ನು ಅಳೆದರೆ ಮುಚ್ಚಿದ ಕುಣಿಕೆಯಂಥ ರೇಖೆ ಬರಬೇಕು ಎನ್ನುವುದು ರೂಢಿ. ಆದರೆ ವಿದ್ಯುತ್ ಸೋರುವ ಯಾವ ವಸ್ತುವೂ ಅಂಥದೊಂದು ಕುಣಿಕೆಯನ್ನು ಕೊಡಬಲ್ಲದು. 2008ರಲ್ಲಿ ಭೌತವಿಜ್ಞಾನಿ ಜೇಮ್ಸ್ ಸ್ಕಾಟ್ ಬಾಳೆಹಣ್ಣಿನ ಸಿಪ್ಪೆಯಿಂದಲೇ ಅದನ್ನು ತೆಗೆದು ತೋರಿಸಿ, ಸಹೋದ್ಯೋಗಿಗಳನ್ನು ನಯವಾಗಿ ಚಿವುಟಿದ್ದರು. ಒಂದು ನ್ಯಾನೋಮೀಟರ್ ಪದರದಲ್ಲಂತೂ ಎಲೆಕ್ಟ್ರಾನ್‌ಗಳು ಸುರಂಗ ಹೊಕ್ಕಂತೆ ಆಚೆಗೆ ದಾಟಿಬಿಡುವುದರಿಂದ ಈ ಅಳತೆಯನ್ನು ನೆಚ್ಚುವಂತಿಲ್ಲ. ಆದ್ದರಿಂದ ಅತಿ ಚೂಪಾದ ಸೂಜಿಮೊನೆಯಿಂದ ವೋಲ್ಟೇಜ್ ಕೊಟ್ಟು, ಪದರ ಉಬ್ಬಿ ಕುಗ್ಗುವುದನ್ನು ಪಿಕೋಮೀಟರ್‌ಗಳಲ್ಲಿ (ನ್ಯಾನೋಮೀಟರ್‌ನ ಸಾವಿರದ ಒಂದು ಭಾಗ) ಗಮನಿಸುತ್ತಾರೆ. ಆ ಸೂಜಿಯೇ ಮೇಲ್ಮೈಗೆ ವಿದ್ಯುದಂಶ ಬಳಿದು ವಂಚಿಸಬಹುದಾದ ಕಾರಣ, ಎಲೆಕ್ಟ್ರಾನ್‌ಗಳನ್ನು ಅತಿ ವೇಗದಲ್ಲಿ ಸುತ್ತಿಸುವ ಸಿಂಕ್ರೊಟ್ರಾನ್ ಯಂತ್ರದ ಎಕ್ಸ್-ಕಿರಣಗಳು ತೋರುವ ಪರಮಾಣು ರಚನೆಯೂ, ಬಿದ್ದ ಲೇಸರ್ ಬೆಳಕು ಇಮ್ಮಡಿ ಆವರ್ತನದಲ್ಲಿ ಮರಳುವ ಲಕ್ಷಣವೂ ಸೂಜಿಯ ಸಾಕ್ಷ್ಯದೊಂದಿಗೆ ತಾಳೆಯಾಗುವವರೆಗೆ ಪರಿಣತರು ತೀರ್ಮಾನ ಕೊಡುವುದಿಲ್ಲ.