ಬೆಳೆಯುವ ಮಕ್ಕಳ ಮಣಿಕಟ್ಟು

ಕೇಳುಗರಿಗೆ ನಮಸ್ಕಾರ.

ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಆಟದ ಮೈದಾನವೆಲ್ಲ ಕೆಸರು. ಹೊರಗೆ ಓಡಿಯಾಡುತ್ತಿದ್ದ ಮಕ್ಕಳು ಶಾಲೆಯ ಸಭಾಂಗಣದೊಳಗೆ ಸೇರುತ್ತಾರೆ. ಕೆಳಗೆ ಸಿಮೆಂಟ್ ನೆಲ, ಮೇಲೊಂದು ಜಮಖಾನ. ಅಲ್ಲಿ ದಂಡ, ಲಾಗ, ಕೈ ಮೇಲೆ ನಿಲ್ಲುವುದು, ಮಯೂರಾಸನ, ಬಕಾಸನ ಶುರು. ಜೂನ್ 21ರ ಯೋಗ ದಿನದ ಪ್ರದರ್ಶನ ಮುಗಿದರೂ ಸ್ಪರ್ಧೆಗಳ ತಯಾರಿ ಮುಗಿಯುವುದಿಲ್ಲ. ಹೀಗೆ ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಹನ್ನೊಂದು ಹನ್ನೆರಡರ ಮಗು, "ಅಮ್ಮಾ, ಕೈ ಊರಿದ್ರೆ ನೋಯ್ತದೆ" ಅನ್ನುತ್ತದೆ. ಉಳುಕಿರಬೇಕು ಎಂದು ಮನೆಯಲ್ಲಿ ಎಣ್ಣೆ ಬಿಸಿಯಾಗುತ್ತದೆ. ಮಗು ಬಿದ್ದಿಲ್ಲ, ಕೈ ತಿರುಚಿಲ್ಲ. ಹಾಗಿದ್ದ ಮೇಲೆ ಉಳುಕು ಬಂದದ್ದೆಲ್ಲಿಂದ?

ಮುಂಗೈಯಲ್ಲಿ ಎರಡು ಮೂಳೆಗಳಿವೆ. ಹೆಬ್ಬೆರಳ ಕಡೆಯದು ರೇಡಿಯಸ್, ಕಿರುಬೆರಳ ಕಡೆಯದು ಅಲ್ನಾ. ಅಂಗೈ ಊರಿದಾಗ ಬೀಳುವ ಭಾರದಲ್ಲಿ ಸುಮಾರು ಶೇಕಡ 80 ಭಾಗವನ್ನು ರೇಡಿಯಸ್ ಹೊರುತ್ತದೆ. ಮಕ್ಕಳಲ್ಲಿ ಇದರ ತುದಿಗೆ ಹತ್ತಿರ, ಮಣಿಕಟ್ಟಿನ ಗೆರೆಯಿಂದ ಬೆರಳಗಲ ಮೇಲೆ, ಮೃದ್ವಸ್ಥಿಯ ತೆಳು ಪದರವೊಂದಿರುತ್ತದೆ. ರೇಡಿಯಸ್ ಉದ್ದವಾಗುವುದರಲ್ಲಿ ಮುಕ್ಕಾಲು ಪಾಲಿನಷ್ಟು ಈ ಪದರದ್ದೇ ಕೆಲಸ. ಹುಡುಗಿಯರಲ್ಲಿ ಸುಮಾರು 16, ಹುಡುಗರಲ್ಲಿ ಸುಮಾರು 18ರ ಹೊತ್ತಿಗೆ ಅದು ಗಟ್ಟಿ ಮೂಳೆಯಾಗಿ ಬೆಸೆದುಕೊಳ್ಳುತ್ತದೆ. ಅಲ್ಲಿಯವರೆಗೆ ಅದು ಸುತ್ತಲಿನ ಮೂಳೆಗಿಂತ ಮೆತ್ತಗಿನ ಜಾಗ.

ಕೈ ಊರಿ ಹಿಂದಕ್ಕೆ ಲಾಗ ಹಾಕುವಾಗ ದೇಹದ ತೂಕದ ಎರಡು ಪಟ್ಟಿಗೂ ಹೆಚ್ಚು ಭಾರ ಕೈಗಳ ಮೇಲೆ ಬೀಳುತ್ತದೆ. 30 ಕಿಲೋ ತೂಗುವ ಮಗುವಿಗೆ ಅದು 60 ಕಿಲೋ ದಾಟಿತು. ದಿನಕ್ಕೆ 50 ಸಲವಾದರೆ ಲೆಕ್ಕ ನೀವೇ ಹಾಕಿ. ಮೃದ್ವಸ್ಥಿ ಮೂಳೆಯಾಗಬೇಕಾದರೆ ಸಣ್ಣ ರಕ್ತನಾಳಗಳು ಅದರ ಅಂಚಿನವರೆಗೆ ಬರಬೇಕು. ಪೆಟ್ಟಿನ ಮೇಲೆ ಪೆಟ್ಟು ಬಿದ್ದರೆ ಆ ನಾಳಗಳು ಕೆಡುತ್ತವೆ, ಮೃದ್ವಸ್ಥಿ ಗಟ್ಟಿಯಾಗದೆ ಉಳಿದು ಪದರ ದಪ್ಪವಾಗುತ್ತದೆ. ಈ ಹಂತದಲ್ಲಿ ಕೈ ಊರುವುದನ್ನು ನಿಲ್ಲಿಸಿದರೆ ಬಹುಪಾಲು ಮಕ್ಕಳಿಗೆ ಸರಿಹೋಗುತ್ತದೆ. ನಿಲ್ಲಿಸದೆ ಹೋದರೆ ಪದರ ವಯಸ್ಸಿಗೆ ಮೊದಲೇ ಬೆಸೆದುಬಿಡಬಹುದು.

ಆಗ ರೇಡಿಯಸ್ ಗಿಡ್ಡವಾಗಿ ಉಳಿಯುತ್ತದೆ. ಪಕ್ಕದ ಅಲ್ನಾ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಅಲ್ನಾ ಎರಡೂವರೆ ಮಿಲಿಮೀಟರ್ ಹೆಚ್ಚಾದರೂ ಸಾಕು, ಶೇಕಡ 20ರಷ್ಟಿದ್ದ ಅದರ ಭಾರದ ಪಾಲು ಹತ್ತಿರ ಹತ್ತಿರ 40ಕ್ಕೆ ಏರುತ್ತದೆ. ಅಲ್ನಾದ ತುದಿಗೂ ಮಣಿಕಟ್ಟಿನ ಸಣ್ಣ ಮೂಳೆಗಳಿಗೂ ನಡುವೆ ಮೆತ್ತೆಯಂತಿರುವ ತ್ರಿಕೋನ ಮೃದ್ವಸ್ಥಿ ಸವೆದು ಹರಿಯುತ್ತದೆ. ಇದೆಲ್ಲ ತಿಳಿಯುವುದು ಆಟ ಬಿಟ್ಟ ಎಷ್ಟೋ ವರ್ಷಗಳ ಮೇಲೆ. ಬಟ್ಟೆ ಹಿಂಡುವಾಗ, ಬೀಗ ತಿರುಗಿಸುವಾಗ, ಸ್ಕೂಟರ್ ಎಕ್ಸಲೇಟರ್ ತಿರುವುವಾಗ, ಅಡಿಕೆ ಸುಲಿಯಲು ಕೂತಾಗ ಕಿರುಬೆರಳ ಕಡೆ ಚುಳುಕ್ ಎನ್ನುತ್ತದೆ. ಹೆಚ್ಚಾದರೆ ಅಲ್ನಾವನ್ನು ಕತ್ತರಿಸಿ ಗಿಡ್ಡ ಮಾಡಿ, ಪ್ಲೇಟು ಸ್ಕ್ರೂ ಹಾಕುವ ಶಸ್ತ್ರಚಿಕಿತ್ಸೆ. ಆ ಮೂಳೆ ಕೂಡಲು ತಿಂಗಳುಗಳೇ ಬೇಕು.

ಮನೆಯಲ್ಲೇ ಮೊದಲ ಪರೀಕ್ಷೆ ಮಾಡಬಹುದು. ಮಗು ಕುರ್ಚಿಯಲ್ಲಿ ಕೂತು, ಎರಡೂ ಅಂಗೈಯನ್ನು ಕುರ್ಚಿಯ ಕೈಗಳ ಮೇಲೆ ಊರಿ, ಆ ಬಲದಲ್ಲೇ ಮೇಲೇಳಲಿ. ಮಣಿಕಟ್ಟಿನ ಬೆನ್ನಿನ ಕಡೆ ನೋವು ಬಂತೇ? ಹೆಬ್ಬೆರಳ ಕಡೆ, ಗೆರೆಯಿಂದ ಬೆರಳಗಲ ಮೇಲೆ ಒತ್ತಿದರೆ ನೋವಿದೆಯೇ? ಇನ್ನೊಂದು ಕೈಯನ್ನೂ ಹಾಗೇ ನೋಡಿ. ನೋವಿದ್ದರೆ ಎಣ್ಣೆ ಹಚ್ಚಿ ನೀವುವುದು, ಕೈ ಎಳೆಸುವುದು ಬೇಡ. ಸ್ಪರ್ಧೆಯ ದಿನ ನೋವಿನ ಮಾತ್ರೆ ನುಂಗಿಸಿ ಆಡಿಸುವುದಂತೂ ಬೇಡವೇ ಬೇಡ. ಮಾತ್ರೆ ನೋವನ್ನು ಮುಚ್ಚುತ್ತದೆ, ಪೆಟ್ಟನ್ನು ತಡೆಯುವುದಿಲ್ಲ.

ಎಕ್ಸ್-ರೇ ತೆಗೆಸುವಾಗ ಎರಡೂ ಮಣಿಕಟ್ಟಿನದು ಬೇಕು. ಮೊಣಕೈ ಭುಜದ ಮಟ್ಟಕ್ಕೆ ಎತ್ತಿ, 90 ಡಿಗ್ರಿ ಮಡಿಸಿ, ಅಂಗೈ ಚಪ್ಪಟೆಯಾಗಿ ಇಟ್ಟು ತೆಗೆಯಬೇಕು. ಮುಂಗೈ ತಿರುಗಿದ್ದರೆ ಅಲ್ನಾದ ಉದ್ದ ತಪ್ಪಾಗಿ ಕಾಣುತ್ತದೆ. ಪದರ ಅಗಲವಾಗಿ, ಅದರ ಅಂಚು ಇಲಿ ಕಡಿದಂತೆ ಮಸುಕಾಗಿ ಕಂಡರೆ ಪದರಕ್ಕೆ ಪೆಟ್ಟಾಗಿರುವ ಸಂಭವ ಹೆಚ್ಚು. ಆರಂಭದಲ್ಲಿ ಎಕ್ಸ್-ರೇ ಸರಿಯಾಗಿಯೇ ಇರಬಹುದು, ಹಾಗೆಂದು ನೋವು ಸುಳ್ಳಲ್ಲ.

ಬ್ಯಾಟು, ರ‍್ಯಾಕೆಟ್ಟು ಹಿಡಿಯುವ ಮಕ್ಕಳ ಕಥೆ ಸ್ವಲ್ಪ ಬೇರೆ. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ ನೋಡಿದವರಿಗೆ ಮಣಿಕಟ್ಟು ಏನು ಮಾಡಬಲ್ಲದೆಂದು ಹೇಳಬೇಕಿಲ್ಲ. ಆದರೆ ಅಣ್ಣನ ದೊಡ್ಡ ಬ್ಯಾಟು ಹಿಡಿದ ತಮ್ಮನ ಅಂಗೈಗೆ ಹಿಡಿಯ ತುದಿ ಕಿರುಬೆರಳ ಕಡೆ, ಅಂಗೈಯ ಬುಡದಲ್ಲೇ ಒತ್ತುತ್ತದೆ. ಅಲ್ಲಿರುವ ಪುಟ್ಟ ಮೂಳೆಯ ಕೊಕ್ಕೆಯಂಥ ಭಾಗ ಬಿರುಕು ಬಿಟ್ಟರೆ ಸಾಮಾನ್ಯ ಎಕ್ಸ್-ರೇಯಲ್ಲಿ ತಪ್ಪಿಹೋಗಬಹುದು, ಸಿ.ಟಿ. ಬೇಕಾಗುತ್ತದೆ. ಕೂಡದೆ ಉಳಿದ ಬಿರುಕಿಗೆ ಉಜ್ಜಿ ಉಜ್ಜಿ ಕಿರುಬೆರಳಿನ ಸ್ನಾಯುರಜ್ಜು ತುಂಡಾಗುವುದೂ ಉಂಟು.

ಮತ್ತೆ ಮೊದಲಿನ ಮಗುವಿಗೆ ಬರೋಣ. ಎಕ್ಸ್-ರೇ ಸರಿಯಿದ್ದರೆ ಕೈ ಮೇಲೆ ಭಾರ ಹಾಕದೆ ಕನಿಷ್ಠ ಆರು ವಾರ. ಬದಲಾವಣೆ ಕಂಡಿದ್ದರೆ ಮೂರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು. ಓಟ, ಕಾಲು ಮತ್ತು ಹೊಟ್ಟೆಯ ಕಸರತ್ತು ಧಾರಾಳವಾಗಿ ನಡೆಯಲಿ. ತರಬೇತುದಾರರಿಗೆ ಇದನ್ನು ಚೀಟಿಯಲ್ಲಿ ಬರೆದುಕೊಡುವುದು ಒಳ್ಳೆಯದು. "ಸ್ವಲ್ಪ ರೆಸ್ಟ್ ಹೇಳಿದಾರೆ ಸಾರ್" ಎಂಬ ಮಾತು ಎರಡು ದಿನಕ್ಕೆ ಮರೆತುಹೋಗುತ್ತದೆ.

ಒತ್ತಿದಾಗ ನೋವಿಲ್ಲವೆಂದಾದ ಮೇಲೆ ಒಂದು ವಾರ ನಿಂತು ಗೋಡೆಗೆ ಕೈ ಒತ್ತುವುದು, ಮುಂದಿನ ವಾರ ಮೇಜಿಗೆ, ಆಮೇಲೆ ಮಂಡಿಯೂರಿ ನೆಲಕ್ಕೆ, ಅದಾದ ಮೇಲೆ ಪೂರ್ತಿ ದಂಡ. ಲಾಗ ಕೊನೆಗೆ, ಅದೂ ದಪ್ಪ ಮ್ಯಾಟಿನ ಮೇಲೆ. ನೋವು ಮರಳಿದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಜೊತೆಗೆ ಮೂರು ತಿಂಗಳಿಗೊಮ್ಮೆ ಬಾಗಿಲ ಚೌಕಟ್ಟಿನಲ್ಲಿ ಮಗುವಿನ ಎತ್ತರಕ್ಕೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಡುವೆ 2 ಸೆಂಟಿಮೀಟರ್ ಅಥವಾ ಹೆಚ್ಚು ಅಂತರ ಬಂದರೆ ಮಗು ಭರದಿಂದ ಬೆಳೆಯುತ್ತಿದೆ. ಆ ತಿಂಗಳುಗಳಲ್ಲಿ ಕೈ ಮೇಲೆ ನಿಲ್ಲುವ ಅಭ್ಯಾಸ ಅರ್ಧಕ್ಕಿಳಿಯಲಿ.

ನಮಸ್ಕಾರ.