ಯೂಟ್ಯೂಬ್ ವೀಕ್ಷಣೆಯಿಂದ ಬ್ಯಾಂಕ್ ಖಾತೆಯವರೆಗೆ

ಕೇಳುಗರೆಲ್ಲರಿಗೂ ನಮಸ್ಕಾರ. ಲಕ್ಷ ಜನ ನೋಡಿದ ಯೂಟ್ಯೂಬ್ ವಿಡಿಯೊಗೆ ಎಷ್ಟು ದುಡ್ಡು ಬರುತ್ತದೆ ಎಂದು ಕೇಳುವವರು ಬಹಳ ಮಂದಿ. ಲಕ್ಷ ಜನ ನೋಡಿಯೂ ಒಂದು ಪೈಸೆ ಬಾರದೆ ಇರಬಹುದು. ಅಲ್ಲಿ ಮೊದಲು ನೋಡುವುದು ಗಂಟೆಯ ಲೆಕ್ಕ, ಆಮೇಲೆ ಜಾಹೀರಾತು, ಕೊನೆಗೆ ಕಾಗದಪತ್ರ. ಹೊಸಬರು ಮುಗ್ಗರಿಸುವುದು ಹೆಚ್ಚಾಗಿ ಮೊದಲನೆಯದರಲ್ಲಿ, ಇಲ್ಲವೇ ಕೊನೆಯದರಲ್ಲಿ.

ಜಾಹೀರಾತಿನ ಪಾಲು ಸಿಗಬೇಕಾದರೆ ಚಾನೆಲ್‌ಗೆ 1000 ಚಂದಾದಾರರಿರಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ ಒಟ್ಟು 4000 ಗಂಟೆ ನೋಡಿರಬೇಕು, ಅಥವಾ 90 ದಿನಗಳಲ್ಲಿ ಶಾರ್ಟ್ಸ್ ಎಂಬ ಕಿರು ವಿಡಿಯೊಗಳಿಗೆ 1 ಕೋಟಿ ವೀಕ್ಷಣೆ ಬಂದಿರಬೇಕು. 4000 ಗಂಟೆ ಎಂದರೆ 2,40,000 ನಿಮಿಷ. ಒಬ್ಬೊಬ್ಬರು ಸರಾಸರಿ 4 ನಿಮಿಷ ನೋಡಿದರೆ 60,000 ವೀಕ್ಷಣೆ ಸಾಕು, ದಿನಕ್ಕೆ ಸುಮಾರು 165. ಆದರೆ ಒಂದೇ ನಿಮಿಷಕ್ಕೆ ಬಿಟ್ಟು ಹೋದರೆ ಅದರ ನಾಲ್ಕು ಪಟ್ಟು ಬೇಕು. ಶಾರ್ಟ್ಸ್ ಫೀಡಿನಲ್ಲಿ ನೋಡಿದ ಸಮಯ ಈ 4000 ಗಂಟೆಗೆ ಸೇರುವುದಿಲ್ಲ. ಬರೀ ಶಾರ್ಟ್ಸ್ ಹಾಕಿ ಚಂದಾದಾರರನ್ನು ಗುಡ್ಡೆ ಹಾಕಿಕೊಂಡವರು ಕೈಕಟ್ಟಿ ಕೂರುವುದು ಇಲ್ಲೇ. 500 ಚಂದಾದಾರರು, 3000 ಗಂಟೆ ಕೇಳುವ ಕೆಳಗಿನ ಮೆಟ್ಟಿಲೂ ಒಂದಿದೆ. ಅಲ್ಲಿ ನೋಡುಗರೇ ಕೊಡುವ ಕಾಣಿಕೆ, ಸದಸ್ಯತ್ವದ ಹಣ ಸಿಗುತ್ತದೆ, ಜಾಹೀರಾತಿನದಲ್ಲ.

ಹಾಗಾದರೆ ಗಂಟೆ ಬೆಳೆಯುವುದು ಹೇಗೆ? ಪ್ರತಿ ವರ್ಷ ಜನ ಹುಡುಕಿಕೊಂಡು ಬರುವ ವಿಷಯದಿಂದ. ಮಲೆನಾಡಿನಲ್ಲಿ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ವಿಧಾನವನ್ನೇ ನೋಡಿ. ಮಳೆಗಾಲ ಹಿಡಿಯುವ ಮೊದಲೇ ಔಷಧಿ ಹೊಡೆಯಬೇಕು. ಹಾಗಾಗಿ ವಿಡಿಯೊ ಮೇ ತಿಂಗಳ ಮೊದಲ ವಾರದಲ್ಲೇ ಬರಬೇಕು, ಜುಲೈಯಲ್ಲಿ ಹಾಕಿ ಪ್ರಯೋಜನವಿಲ್ಲ. ಶುರುವಿನ ಅರ್ಧ ನಿಮಿಷದಲ್ಲೇ ಅಳತೆ ಹೇಳಿಬಿಡಿ: ಮೈಲುತುತ್ತ 1 ಕಿಲೊ, ಸುಣ್ಣ 1 ಕಿಲೊ, ನೀರು 100 ಲೀಟರ್. ಎಲ್ಲ ಹೇಳಿಬಿಟ್ಟರೆ ಜನ ಎದ್ದು ಹೋಗುತ್ತಾರೆಂಬ ಭಯ ಬೇಡ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೇಗೆ ಸುರಿಯಬೇಕು, ಚಾಕು ಅದ್ದಿದಾಗ ಕೆಂಪಡರಿದರೆ ಇನ್ನೆಷ್ಟು ಸುಣ್ಣ ಬೇಕು ಎಂಬುದನ್ನು ನೋಡಲು ಅವರು ಕೂರುತ್ತಾರೆ. ಎರಡು ನಿಮಿಷ ಪೀಠಿಕೆ ಹಾಕಿ, ‘ಲೈಕ್ ಮಾಡಿ, ಬೆಲ್ ಒತ್ತಿ’ ಎನ್ನುತ್ತಾ ಹೋದರೆ ಕೂರುವುದಿಲ್ಲ. ಚಾನೆಲ್ ನೋಡಿಕೊಳ್ಳುವ ಯೂಟ್ಯೂಬ್ ಸ್ಟುಡಿಯೊ ಆ್ಯಪಿನಲ್ಲಿ ನೋಡುಗರು ಎಲ್ಲಿ ಬಿಟ್ಟರು ಎಂಬ ಗೆರೆ ಕಾಣುತ್ತದೆ. ಅದು ದಿಢೀರನೆ ಇಳಿದ ಜಾಗದಲ್ಲಿ ನೀವೇನು ಹೇಳುತ್ತಿದ್ದಿರಿ ಎಂದು ಕೇಳಿಸಿಕೊಳ್ಳಿ.

ಸಾಮಾನ್ಯ ವಿಡಿಯೊದ ಜಾಹೀರಾತು ಆದಾಯದಲ್ಲಿ ಚಾನೆಲ್‌ಗೆ 55 ಶೇಕಡ ಸಿಗುತ್ತದೆ, ಶಾರ್ಟ್ಸ್‌ ಆದಾಯದಲ್ಲಾದರೆ 45 ಶೇಕಡ. 8 ನಿಮಿಷ ದಾಟಿದ ವಿಡಿಯೊದ ನಡುವೆಯೂ ಜಾಹೀರಾತು ಹಾಕಬಹುದು. ಅದಕ್ಕೆಂದೇ 5 ನಿಮಿಷದ ಮಾತನ್ನು 8ಕ್ಕೆ ಎಳೆದರೆ ಗಂಟೆಯೂ ಹೋಯಿತು, ನಂಬಿಕೆಯೂ ಹೋಯಿತು.

ಹಾಡಿನ ವಿಷಯಕ್ಕೆ ಬರೋಣ. ಜಾತ್ರೆಯ ವಿಡಿಯೊದಲ್ಲಿ ಹಿಂದೆ ಮೈಕಿನಲ್ಲಿ ಸಿನಿಮಾ ಹಾಡು ಬರುತ್ತಿದ್ದರೂ ಯೂಟ್ಯೂಬ್ ಅದನ್ನು ಪತ್ತೆ ಹಚ್ಚಬಲ್ಲದು. ಆಗ ಬರುವುದು ಹಕ್ಕುಸ್ವಾಮ್ಯದ ಕ್ಲೇಮ್. ಸಾಮಾನ್ಯವಾಗಿ ವಿಡಿಯೊ ಉಳಿಯುತ್ತದೆ, ದುಡ್ಡು ಹಾಡಿನ ಹಕ್ಕುದಾರರಿಗೆ ಹೋಗುತ್ತದೆ. ಸ್ಟುಡಿಯೊದಲ್ಲೇ ಆ ಭಾಗದ ಹಾಡನ್ನು ಮೌನ ಮಾಡಬಹುದು, ಬದಲಿಸಬಹುದು. ಸ್ಟ್ರೈಕ್ ಬೇರೆ, ಹಕ್ಕುದಾರರು ದೂರು ಕೊಟ್ಟು ವಿಡಿಯೊ ತೆಗೆಸಿದಾಗ ಬೀಳುವ ಶಿಕ್ಷೆ ಅದು. 90 ದಿನಗಳಲ್ಲಿ ಮೂರು ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಇನ್ನು ಬೇರೆಯವರ ದೃಶ್ಯಗಳನ್ನು ಜೋಡಿಸಿ, ಯಂತ್ರದ ಧ್ವನಿಯಲ್ಲಿ ಸುದ್ದಿ ಓದಿಸುವ ಚಾನೆಲ್‌ಗಳು ಸಾವಿರ ಚಂದಾದಾರರನ್ನು ದಾಟಿದರೂ, ಜಾಹೀರಾತಿನ ಪಾಲಿಗೆ ಅರ್ಜಿ ಹಾಕಿದಾಗ ಯೂಟ್ಯೂಬ್ ನಡೆಸುವ ಪರಿಶೀಲನೆಯಲ್ಲಿ ಬೀಳುತ್ತವೆ. ಮೊದಲ ಸಲ ತಿರಸ್ಕಾರವಾದರೆ 30 ದಿನ ಬಿಟ್ಟು ಮತ್ತೆ ಅರ್ಜಿ ಹಾಕಬಹುದು. ಹಳೆಯ ವಿಡಿಯೊಗಳನ್ನು ಹಾಗೇ ಇಟ್ಟು ಹಾಕಿದರೆ ಉತ್ತರವೂ ಹಳೆಯದೇ.

ಅರ್ಜಿ ಒಪ್ಪಿದ ಮೇಲೆ ಕಾಗದಪತ್ರದ ಸರದಿ. ಹಣ ಪಾವತಿಸಲು ಗೂಗಲ್ ಇಟ್ಟಿರುವ ಆ್ಯಡ್‌ಸೆನ್ಸ್ ಖಾತೆ ಒಬ್ಬರಿಗೆ ಒಂದೇ, ವಯಸ್ಸು 18 ತುಂಬಿರಬೇಕು. ಹಳೆಯ ಖಾತೆಯಿದ್ದರೆ ಅದನ್ನೇ ಜೋಡಿಸಿ. ಮರೆತು ಇನ್ನೊಂದು ತೆರೆದರೆ ಅದು ತಿರಸ್ಕಾರವಾಗುತ್ತದೆ. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಲು ಅಂಚೆಯಲ್ಲಿ ಪಿನ್ ಎಂಬ ಗುಪ್ತ ಸಂಖ್ಯೆ ಬರುತ್ತದೆ. ಬರಲು ಎರಡರಿಂದ ನಾಲ್ಕು ವಾರ ಬೇಕು. ಹಳ್ಳಿಯ ವಿಳಾಸವಾದರೆ ಮನೆಯ ಯಜಮಾನರ ಹೆಸರು, ಅಂಚೆ ಕಚೇರಿ, ತಾಲ್ಲೂಕು, ಪಿನ್‌ಕೋಡ್ ಎಲ್ಲವನ್ನೂ ಬರೆಯಿರಿ. ಅಂಚೆಯವರಿಗೂ ಒಂದು ಮಾತು ಹೇಳಿಡುವುದು ಒಳ್ಳೆಯದು. ಅದು ಮಾಮೂಲಿ ಕಾಗದದ ಲಕೋಟೆ, ಜಾಹೀರಾತೆಂದು ಬಿಸಾಡಿದವರಿದ್ದಾರೆ.

ಬ್ಯಾಂಕ್ ಖಾತೆಯ ಹೆಸರು ಆ್ಯಡ್‌ಸೆನ್ಸ್‌ನಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದಬೇಕು. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ತಂದೆಯ ಪೂರ್ತಿ ಹೆಸರು ಇದ್ದರೆ ಹಣ ವಾಪಸಾಗಬಹುದು. ಐಎಫ್‌ಎಸ್‌ಸಿ ಜೊತೆಗೆ, ವಿದೇಶದ ಹಣ ಬರಲು ಬಳಸುವ ಸ್ವಿಫ್ಟ್ ಕೋಡ್ ಬೇಕು. ಅದು ಎಲ್ಲ ಶಾಖೆಗಳಿಗೂ ಇರುವುದಿಲ್ಲ, ನಿಮ್ಮ ಬ್ಯಾಂಕಿನ ಯಾವ ಶಾಖೆಯದನ್ನು ಹಾಕಬೇಕೆಂದು ಅಲ್ಲೇ ಕೇಳಿ. ಸ್ವಿಫ್ಟ್ ಇಲ್ಲದ ಸಹಕಾರಿ ಸಂಘದ ಖಾತೆಯಿಂದ ಇಲ್ಲಿ ಕೆಲಸವಾಗದು. ತಿಂಗಳ ಗಳಿಕೆ ಮುಂದಿನ ತಿಂಗಳು ಪಕ್ಕಾ ಆಗುತ್ತದೆ. ಬಾಕಿ 100 ಡಾಲರ್ ದಾಟಿದ್ದರೆ 21ರಿಂದ 26ನೇ ತಾರೀಕಿನೊಳಗೆ ಹಣ ಹೊರಡುತ್ತದೆ, ದಾಟದಿದ್ದರೆ ಮುಂದಕ್ಕೆ ಸೇರಿಕೊಳ್ಳುತ್ತದೆ.

ಗೂಗಲ್ ಅಮೆರಿಕದ ಕಂಪನಿಯಾದ್ದರಿಂದ ಅದು ಕೇಳುವ ಅಲ್ಲಿನ ತೆರಿಗೆ ಫಾರ್ಮು ನೋಡಿ ಹೆದರುವವರುಂಟು. ತುಂಬದೆ ಬಿಟ್ಟರೆ ಇಡೀ ಗಳಿಕೆಯಲ್ಲಿ 24 ಶೇಕಡದವರೆಗೆ ಕಡಿತವಾಗಬಹುದು. ಪ್ಯಾನ್ ಸಂಖ್ಯೆ ಕೊಟ್ಟು ಭಾರತ-ಅಮೆರಿಕ ತೆರಿಗೆ ಒಪ್ಪಂದವನ್ನು ಆರಿಸಿದರೆ 15 ಶೇಕಡ, ಅದೂ ಅಮೆರಿಕದಲ್ಲಿ ಕೂತು ನೋಡಿದವರಿಂದ ಬಂದ ಆದಾಯಕ್ಕೆ ಮಾತ್ರ. ನಿಮ್ಮ ಅಡುಗೆ ವಿಡಿಯೊ ನ್ಯೂಜೆರ್ಸಿಯ ಕನ್ನಡಿಗರ ಮನೆಗಳಲ್ಲಿ ಓಡುತ್ತಿದ್ದರೆ ಮಾತ್ರ ಅದು ತಟ್ಟುತ್ತದೆ. ಹಾಗೆ ಕಡಿತವಾದದ್ದನ್ನು ಇಲ್ಲಿನ ರಿಟರ್ನ್ಸ್‌ನಲ್ಲಿ ತೋರಿಸಲು ಲೆಕ್ಕಪರಿಶೋಧಕರ ನೆರವು ಪಡೆಯಿರಿ.

ಜಾಹೀರಾತಿಗಿಂತ ಹೆಚ್ಚು ಹಣ ಕಂಪನಿಗಳ ಪ್ರಾಯೋಜಕತ್ವದಿಂದ ಬರುವುದೂ ಉಂಟು. ಹಣ ಪಡೆದು ಹೊಗಳುತ್ತಿದ್ದರೆ ಅದನ್ನು ವಿಡಿಯೊದಲ್ಲೇ ಸ್ಪಷ್ಟವಾಗಿ ಹೇಳಬೇಕು, ಅದು ನಿಯಮ. ಕಂಪನಿ ಪರೀಕ್ಷೆಗೆಂದು ಕೊಟ್ಟ ಮೊಬೈಲನ್ನು ನೀವೇ ಇಟ್ಟುಕೊಂಡರೆ ಅದೂ ಆದಾಯವೇ. ಅಂಥ ಉಡುಗೊರೆಗಳ ಬೆಲೆ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಕಂಪನಿ 10 ಶೇಕಡ ತೆರಿಗೆ ಕಟ್ಟಿಸಬೇಕಾಗುತ್ತದೆ. ವಾಪಸು ಕೊಡುವುದಾದರೆ ಕೊಟ್ಟದ್ದಕ್ಕೆ ರಸೀತಿ ಪಡೆದುಕೊಳ್ಳಿ.