12 ಸೆಕೆಂಡಿನ ಲೋಗೋ, ತಪ್ಪು ಕಡೆ ನಿಂತ ಒಂದು ಗುಡಿಸು

ಸ್ಕ್ರೀನ್ ಮೇಲೆ ಆ ಕಡ್ಡಿ ಕಾಣಿಸುತ್ತಿದೆಯಾ? ಸ್ವಲ್ಪ ದೊಡ್ಡದು ಮಾಡುತ್ತೇನೆ, ಇರಿ. ಹಾಂ, ಅದೇ.

ಇದು ಪಂಜಾಬಿಯಲ್ಲಿ ಬರೆದಿರುವ ‘ಫಿಲ್ಮ್’ ಅನ್ನೋ ಪದ. ಲಿಪಿ ಗುರುಮುಖಿ. ನಾವು ಗುಡಿಸು ಅನ್ನುತ್ತೇವಲ್ಲ, ಅದಕ್ಕೆ ಅಲ್ಲಿ ಸಿಹಾರಿ ಅಂತಾರೆ. ಮಜಾ ಏನಂದರೆ ಓದುವಾಗ ಅಕ್ಷರ ಆದಮೇಲೆ ಬರುವ ಈ ಸಿಹಾರಿಯನ್ನು ಬರೆಯುವುದು ಮಾತ್ರ ಅಕ್ಷರದ ಎಡಗಡೆ. ನನ್ನ ಸಾಫ್ಟ್‌ವೇರ್‌ಗೆ ಅದು ಗೊತ್ತಾಗಲಿಲ್ಲ, ತಂದು ಬಲಗಡೆ ನಿಲ್ಲಿಸಿಬಿಟ್ಟಿತು. ಫೋಟೋಶಾಪ್‌ನಲ್ಲಿ ಕನ್ನಡ ಟೈಪ್ ಮಾಡಿ ಒತ್ತಕ್ಷರ ಚೆಲ್ಲಾಪಿಲ್ಲಿ ಆಗಿದ್ದನ್ನು ನೋಡಿದವರಿಗೆ ಈ ಸಂಕಟ ಚೆನ್ನಾಗಿ ಗೊತ್ತಿರುತ್ತದೆ. ಕನ್ನಡದಲ್ಲಿ ಆಗಿದ್ದರೆ ಆ ಕ್ಷಣಕ್ಕೇ ಕಣ್ಣಿಗೆ ಚುಚ್ಚುತ್ತಿತ್ತು. ಪಂಜಾಬಿ ಆಗಿದ್ದರಿಂದ ನಾನು 3 ದಿನ ಅದೇ ತಪ್ಪಿಗೆ ಲೈಟು ಹಾಕಿ, ಚಿನ್ನದ ಹೊಳಪು ಕೊಟ್ಟು, ಕಳಿಸಿಯೂ ಬಿಟ್ಟೆ!

ಕೆಲಸ ಏನು ಅಂದರೆ, ಮೊಹಾಲಿಯ ಒಂದು ಹೊಸ ಪಂಜಾಬಿ ಸಿನಿಮಾ ಕಂಪನಿಗೆ ಶುರುವಿನ ಲೋಗೋ. ಹೆಸರು ಹೇಳುವುದಿಲ್ಲ. ಸೆನ್ಸಾರ್ ಸರ್ಟಿಫಿಕೇಟ್ ಬಂದು ಹೋದಮೇಲೆ, ಜನ ಇನ್ನೂ ಪಾಪ್‌ಕಾರ್ನ್ ಹಿಡಿದು ಸೀಟ್ ನಂಬರ್ ಹುಡುಕುತ್ತಿರುವಾಗ ಬರುತ್ತಲ್ಲ, ಅದು. 12 ಸೆಕೆಂಡು. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 288 ಫ್ರೇಮ್. ನಾನು ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಕೂತು ಮೋಶನ್ ಗ್ರಾಫಿಕ್ಸ್ ಮಾಡುವವನು, ಪಂಜಾಬಿನ ಬಗ್ಗೆ ಗೊತ್ತಿದ್ದದ್ದು ಲಸ್ಸಿ ಮತ್ತು ಭಾಂಗ್ಡಾ ಅಷ್ಟೇ. ಹಾಗಾಗಿ ಮೊದಲ ಸಲ ಏನು ಮಾಡಿದೆ ಅಂತ ಊಹಿಸಿ. ಹಳದಿ ಸಾಸಿವೆ ಹೊಲ, ಸೂರ್ಯೋದಯ, ಟ್ರ್ಯಾಕ್ಟರ್, ಹಿಂದೆ ಢೋಲು.

ಪ್ರೊಡ್ಯೂಸರ್ ನೋಡಿ ನಕ್ಕುಬಿಟ್ಟರು. ಅವರನ್ನು ನಾನು ಪಾಜಿ ಅಂತ ಕರೆಯುತ್ತೇನೆ, ಅಂದರೆ ಅಣ್ಣ. “ಇದು ನಮ್ಮ ಹೈವೇ ಢಾಬಾದ ಗೋಡೆ ಮೇಲೆ ಆಗಲೇ ಇದೆ” ಅಂದರು. ಸರಿಯಾಗೇ ಹೇಳಿದರು. ಹೊರಗಿನವರು ಕರ್ನಾಟಕ ಅಂದ ತಕ್ಷಣ ಮೈಸೂರು ಅರಮನೆ ಮತ್ತು ಯಕ್ಷಗಾನದ ಕಿರೀಟ ಅಂಟಿಸಿದರೆ ನಮಗೆ ಹೇಗನಿಸುತ್ತೆ, ಹಾಗೆ.

ಆಮೇಲೆ ಹೆಸರಿನ ವಿಷಯ ಬಂತು. “ಇಂಗ್ಲಿಷ್‌ನಲ್ಲಿ ಹಾಕಿ ಸಾಕು” ಅಂದರು. ನನಗೆ ಆಶ್ಚರ್ಯ. ಅಲ್ಲಾ, ಪಂಜಾಬಿ ಸಿನಿಮಾ, ಪಂಜಾಬಿ ಲಿಪಿ ಬೇಡ್ವಾ? ಅವರ ಹೆಸರುವಾಸಿ ಕಂಪನಿಗಳನ್ನೇ ನೋಡಿ: ವೈಟ್ ಹಿಲ್, ರಿದಮ್ ಬಾಯ್ಸ್, ಹಂಬಲ್ ಮೋಶನ್ ಪಿಕ್ಚರ್ಸ್. ನಮ್ಮಲ್ಲಿ ವಜ್ರೇಶ್ವರಿ, ಹೊಂಬಾಳೆ ಅಂತ ಕೇಳಿ ಬೆಳೆದ ಕಿವಿಗೆ ಇದು ವಿಚಿತ್ರ ಅನಿಸಿತು.

ಪಾಜಿ ಫೋನಿನಲ್ಲಿ ಬಿಡಿಸಿ ಹೇಳಿದಾಗ ನನಗೆ ಹೊಳೆಯಿತು. ಪಂಜಾಬಿ ಒಂದೇ ಭಾಷೆ, ಆದರೆ ವಾಘಾ ಗಡಿಯ ಈಚೆ ಎಡದಿಂದ ಬಲಕ್ಕೆ ಗುರುಮುಖಿ, ಆಚೆ ಬಲದಿಂದ ಎಡಕ್ಕೆ ಶಾಹ್‌ಮುಖಿ, ನೋಡೋಕೆ ಉರ್ದು ಥರಾನೇ. ಇನ್ನು ಕೆನಡಾದ ಬ್ರ್ಯಾಂಪ್ಟನ್, ಸರ್ರೆ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಎಷ್ಟೋ ಮಕ್ಕಳು ಮನೆಯಲ್ಲಿ ಪಟಪಟ ಪಂಜಾಬಿ ಮಾತಾಡುತ್ತಾರೆ, ಓದೋಕೆ ಬರುವುದು ಇಂಗ್ಲಿಷ್ ಮಾತ್ರ. ಪಂಜಾಬಿ ಸಿನಿಮಾದ ಟಿಕೆಟ್ ಕೊಳ್ಳುವವರಲ್ಲಿ ಅವರ ಪಾಲು ದೊಡ್ಡದು. 2019ರಲ್ಲಿ ರಿದಮ್ ಬಾಯ್ಸ್‌ನಿಂದ ‘ಚಲ್ ಮೇರಾ ಪುತ್’ ಬಂತು. ಕಥೆ ನಡೆಯುವುದು ಇಂಗ್ಲೆಂಡಿನಲ್ಲಿ. ಅದರಲ್ಲಿ ಅಮರಿಂದರ್ ಗಿಲ್ ಜೊತೆ ಪಾಕಿಸ್ತಾನದ ಇಫ್ತಿಕಾರ್ ಠಾಕುರ್, ನಾಸಿರ್ ಚಿನ್ಯೋಟಿ ಕೂಡ ಇದ್ದಾರೆ. ಒಬ್ಬರ ಜೋಕು ಇನ್ನೊಬ್ಬರಿಗೆ ಅರ್ಥವಾಗೋಕೆ ಯಾವ ಸಬ್‌ಟೈಟಲ್ಲೂ ಬೇಕಿಲ್ಲ. ಆದರೆ ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರು ಓದೋಕೆ ಕಷ್ಟ.

ಅಂದರೆ ನಾನು ಯಾವ ಅಕ್ಷರ ಹಾಕಿದರೂ ಯಾರೋ ಒಬ್ಬರು ಹೊರಗೆ ಉಳಿಯುತ್ತಾರೆ. ಹಾಗಾದರೆ ಅಕ್ಷರ ಬರುವುದಕ್ಕೆ ಮುಂಚೆಯೇ ಇದು ನಮ್ಮದು ಅಂತ ಅವರಿಗೆ ಗೊತ್ತಾಗಬೇಕು. ಮೊದಲ 8 ಸೆಕೆಂಡು ಅಕ್ಷರವೇ ಬೇಡ ಅಂತ ತೀರ್ಮಾನ ಮಾಡಿದೆ.

ಢೋಲು ತೆಗೆದೆ. ತುಂಬಿ ಇಟ್ಟೆ. ತುಂಬಿ ಅಂದರೆ ನಮಗೆ ಹೂವಿನ ಮೇಲೆ ಗುಂಯ್ ಅನ್ನುವ ದುಂಬಿ, ಅವರಿಗೆ ಒಂದೇ ತಂತಿಯ ಪುಟ್ಟ ವಾದ್ಯ. ಲಾಲ್ ಚಂದ್ ಯಮಲಾ ಜಟ್ ಅವರ ಹಾಡು ಹುಡುಕಿ ಕೇಳಿ, ಟಣಟಣ ಅಂತ ಚುಚ್ಚುವ ಆ ಎತ್ತರದ ಸದ್ದು ಒಂದು ಸಲ ಕಿವಿಗೆ ಬಿದ್ದರೆ ಆಮೇಲೆ ಮರೆಯೋದಿಲ್ಲ.

ಇನ್ನು ಕಣ್ಣಿಗೆ ಫುಲ್ಕಾರಿ, ಅಂದರೆ ಪಂಜಾಬಿನವರ ಕಸೂತಿ. ಕೆಂಪು ಖಾದಿ ಬಟ್ಟೆ ಮೇಲೆ ರೇಷ್ಮೆ ದಾರದ ಹೂವು ಒಂದೊಂದೇ ಹೊಲಿಗೆಯಾಗಿ ಮೂಡುವ ಹಾಗೆ ಮಾಡಿದೆ. ನನ್ನ ಪ್ರಕಾರ ಅದ್ಭುತವಾಗಿತ್ತು. ಪಾಜಿ ಅದನ್ನು ಅವರ ಅಮ್ಮನಿಗೆ ತೋರಿಸಿದರು, ಬೀಜಿ ಅಂತಾರೆ ಎಲ್ಲರೂ. ಬೀಜಿ ನೋಡಿ ಕೇಳಿದ್ದು ಒಂದೇ ಪ್ರಶ್ನೆಯಂತೆ: “ಈ ಹುಡುಗ ಯಾಕೆ ಮುಂಭಾಗದಿಂದ ಹೊಲಿಯುತ್ತಿದ್ದಾನೆ?”

ಫುಲ್ಕಾರಿಯನ್ನು ಬಟ್ಟೆಯ ಹಿಂಭಾಗದಿಂದ ಹಾಕುತ್ತಾರೆ! ಹೊಲಿಯುವವರ ಕಣ್ಣ ಮುಂದೆ ಬರೀ ಸಣ್ಣ ಸಣ್ಣ ಚುಕ್ಕೆ, ಉದ್ದುದ್ದ ರೇಷ್ಮೆ ಎಳೆ ಎಲ್ಲಾ ಆ ಕಡೆ. ನಾನು ಧಾರವಾಡದವನು, ಅಜ್ಜಿ ಕಸೂತಿ ಹಾಕುತ್ತಿದ್ದರು. ಗಾವಂತಿ, ಮುರ್ಗಿ ಹೊಲಿಗೆಯಲ್ಲಿ ಹಿಂದೆ ಮುಂದೆ ಎರಡೂ ಒಂದೇ ಥರ ಕಾಣಬೇಕು, ಗಂಟು ಕಂಡರೆ ಅಜ್ಜಿ ಬಿಚ್ಚಿಸಿಬಿಡುತ್ತಿದ್ದರು. ಅದೇ ತಲೆಯಲ್ಲಿ ಇತ್ತು. ಹಿಂದಿನಿಂದ ಕುರುಡಾಗಿ ಎಳೆ ಎಣಿಸಿಕೊಂಡು ಹೂವು ಬಿಡಿಸುತ್ತಾರೆ ಅಂತ ಯಾರಿಗೆ ಗೊತ್ತಿತ್ತು?

ಪೂರ್ತಿ ಕೆಡವಿ ಮತ್ತೆ ಮಾಡಿದೆ. ಈಗ ಮೊದಲು ನಿಮಗೆ ಕಾಣುವುದು ಬಟ್ಟೆಯ ಹಿಂಭಾಗ. ಸೂಜಿ ಬಂದು ಹೋಗುತ್ತದೆ, ಚುಕ್ಕೆ ಬೀಳುತ್ತದೆ, ಪ್ರತಿ ಚುಕ್ಕೆಗೆ ತುಂಬಿಯ ಒಂದು ಮೀಟು. 7ನೇ ಸೆಕೆಂಡಿಗೆ ಗಾಳಿಗೆ ಬಟ್ಟೆ ಮಗುಚಿಕೊಳ್ಳುತ್ತೆ, ಆಗ ರೇಷ್ಮೆ ಹೊಳೆಯುತ್ತೆ. ಒಂದು ವಿಷಯ ಗಮನಿಸಿ, ಬಣ್ಣ ಒಂದೇ ಹಳದಿ. ಅಡ್ಡ ಹಾಕಿದ ಎಳೆ ಬೇರೆ ಥರ, ಉದ್ದ ಹಾಕಿದ ಎಳೆ ಬೇರೆ ಥರ ಬೆಳಕು ಹಿಡಿಯುವುದರಿಂದ ಎರಡು ಬಣ್ಣ ಅನಿಸುತ್ತದೆ. ಅದು ನನ್ನ ಕೈಚಳಕ ಅಲ್ಲ, ನಿಜವಾದ ಫುಲ್ಕಾರಿಯೇ ಹಾಗೆ.

ಕೊನೆಗೆ ಹೆಸರು. ಗುರುಮುಖಿ ದೊಡ್ಡದಾಗಿ, ಕೆಳಗೆ ಇಂಗ್ಲಿಷ್ ತೆಳ್ಳಗೆ. ಶಾಹ್‌ಮುಖಿಯೂ ಇರಲಿ ಅಂತ ನಾನು ಹಟ ಹಿಡಿದೆ. “3 ಲಿಪಿ ಹಾಕಿದರೆ ಅದು ಲೋಗೋ ಅಲ್ಲ ವೀರ್‌ಜಿ, ರೈಲ್ವೆ ಸ್ಟೇಷನ್ ಬೋರ್ಡು” ಅಂದರು ಪಾಜಿ. ನನಗೆ ಈಗಲೂ ಒಪ್ಪಿಗೆ ಇಲ್ಲ. ಆದರೆ ದುಡ್ಡು ಕೊಡುವವರು ಅವರು.

ಕಳೆದ ವಾರ ಮೊಹಾಲಿಗೇ ಹೋಗಿ ಥಿಯೇಟರ್‌ನಲ್ಲಿ ಹಾಕಿ ನೋಡಿದೆವು, ಈಗ ಬರುತ್ತಿರುವ ಕ್ಲಿಪ್ ಅಲ್ಲಿನದೇ. ಲ್ಯಾಪ್‌ಟಾಪಿನಲ್ಲಿ ಕಡುಕೆಂಪು ಇದ್ದ ಬಟ್ಟೆ ದೊಡ್ಡ ಪರದೆಯಲ್ಲಿ ಮಂಕಾಗಿತ್ತು, ತುಂಬಿ ಸದ್ದು ಜಾಸ್ತಿಯಾಗಿ ಹಲ್ಲು ಜುಮ್ ಅಂತು. ಬೀಜಿ ಮೂರನೇ ಸಾಲಿನಲ್ಲಿ ಕೂತಿದ್ದರು. ಸಿಹಾರಿ ತಪ್ಪು ಕಡೆ ಇರುವುದನ್ನು ಹಿಡಿದದ್ದೂ ಅವರೇ, ಥಿಯೇಟರ್‌ನ ಲೈಟ್ ಹಾಕುವ ಮುಂಚೆಯೇ.

ಅದನ್ನೇ ಈಗ ಸರಿ ಮಾಡಿ ರೆಂಡರ್‌ಗೆ ಹಾಕಿದ್ದೇನೆ. ಇನ್ನೂ 2 ಗಂಟೆ ಅಂತ ತೋರಿಸುತ್ತಿದೆ. ಸುಮ್ನೆ ಕೂರೋಕಾಗಲ್ಲ, ಕೆಳಗೆ ಹೋಗಿ ಒಂದು ಮಸಾಲೆ ದೋಸೆ ತಿಂದು ಬರುತ್ತೇನೆ.